ಬಿಸ್ಕತ್ತು ಖಾಲಿ, ರ‍್ಯಾಪರ್ ಜೋಪಾನ

ಕುಮಟಾದ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಡಬ್ಬಿ ಇದೆ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಬಿಸ್ಕತ್ತಿನ ರ‍್ಯಾಪರುಗಳು, 1999ರವು. ಆ ವರ್ಷ ಇಂಗ್ಲೆಂಡಿನಲ್ಲಿ ಕ್ರಿಕೆಟ್ ವಿಶ್ವಕಪ್. ಟಿವಿ ಹಚ್ಚಿದರೆ ಸಾಕು, ‘ಬ್ರಿಟಾನಿಯಾ ಖಾವೋ, ವರ್ಲ್ಡ್ ಕಪ್ ಜಾವೋ’. ಒಂದೊಂದು ರ‍್ಯಾಪರಿನ ಮೇಲೂ ಇಂತಿಷ್ಟು ರನ್. 100 ರನ್ ಕೂಡಿಸಿ ಕೊಟ್ಟರೆ ಒಂದು ಪುಟ್ಟ ಪುಸ್ತಕ, ಅದರಲ್ಲಿ ಉಜ್ಜಿ ನೋಡುವ ಬಹುಮಾನ. ಅದೃಷ್ಟ ಇದ್ದರೆ ಇಂಗ್ಲೆಂಡಿಗೇ ಹೋಗಬಹುದು. ನೆಂಟರು ಬಂದರೆ ನಮಗೆ ಒಂದೇ ಚಿಂತೆ: ಪೊಟ್ಟಣ ಯಾವಾಗ ಖಾಲಿಯಾಗುತ್ತದೆ? ಬಿಸ್ಕತ್ತಿನ ರುಚಿ ಈಗ ನೆನಪೇ ಇಲ್ಲ.

ಆಟದ ಹೆಸರಲ್ಲಿ ಬರುವ ತಿಂಡಿಗಳ ಗುಟ್ಟು ಇಷ್ಟೇ ಅನಿಸುತ್ತದೆ. ತಿನ್ನುವುದು ನೆಪ, ಎತ್ತಿಡುವುದು ಮುಖ್ಯ.

ಈ ಚಟ ಹಳೆಯದು. ಆಟಕ್ಕಷ್ಟೇ ಸೇರಿದ್ದೂ ಅಲ್ಲ. 1900ರ ಹೊಸ ವರ್ಷಕ್ಕೆ ವಿಕ್ಟೋರಿಯಾ ರಾಣಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿದ್ದ ಸೈನಿಕರಿಗೆ ಚಾಕೊಲೇಟ್ ಡಬ್ಬಿ ಕಳಿಸಿದಳು. ಮಾಡಿಕೊಟ್ಟದ್ದು ಕ್ಯಾಡ್ಬರಿ, ಫ್ರೈ, ರೌಂಟ್ರಿ ಕಂಪನಿಗಳು. ಮಾಲೀಕರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಯುದ್ಧ ಒಪ್ಪದವರು. ಡಬ್ಬಿಯ ಮೇಲೆ ತಮ್ಮ ಹೆಸರು ಹಾಕಲೂ ಹಿಂಜರಿದರು. ಎಷ್ಟೋ ಸೈನಿಕರು ಅದನ್ನು ತಿನ್ನದೇ ಇಟ್ಟುಕೊಂಡರು. ಅಂಥದ್ದೊಂದು ಡಬ್ಬಿ 2021ರಲ್ಲಿ ಇಂಗ್ಲೆಂಡಿನ ಹಳೆಯ ಬಂಗಲೆಯೊಂದರಲ್ಲಿ ಸಿಕ್ಕಿತು. ಎಲ್ಲಿ ಅಂತೀರಿ? ಅಟ್ಟದಲ್ಲೇ! 121 ವರ್ಷದ ಚಾಕೊಲೇಟ್ ಹಾಗೇ ಇತ್ತು.

ಆಟಕ್ಕೂ ಸಿಹಿಗೂ ಗಟ್ಟಿ ಗಂಟು ಹಾಕಿದ್ದು ಅಮೆರಿಕದ ಟಾಪ್ಸ್ ಕಂಪನಿ. 1950ರ ದಶಕದಲ್ಲಿ ಬಬಲ್ ಗಮ್ ಜತೆ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡ್ ಕೊಡತೊಡಗಿತು. ಮಕ್ಕಳು ಗಮ್ ಉಗಿದು ಕಾರ್ಡ್ ಜೋಪಾನ ಮಾಡಿದರು. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ತಮಾಷೆ ಏನೆಂದರೆ, ಗಮ್ ಅಂಟಿ ಕಾರ್ಡಿನ ಮೇಲೆ ಕಲೆ ಬೀಳುತ್ತಿತ್ತು. ಸಂಗ್ರಹ ಮಾಡುವವರು ಗೊಣಗಿದರು. 1990ರ ದಶಕದ ಶುರುವಿನಲ್ಲಿ ಕಂಪನಿ ಗಮ್ ಹಾಕುವುದನ್ನೇ ಬಿಟ್ಟಿತು. ಸಿಹಿಯೇ ಹೊರಬಿತ್ತು!

ಆಮೇಲಿನದು ಹಕ್ಕಿನ ಕಾಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕ್ಯಾಡ್ಬರಿ ಅಧಿಕೃತ ಪ್ರಾಯೋಜಕ. ದುಡ್ಡು ಕಟ್ಟಿದವರು ಮಾತ್ರ ಕೂಟದ ಹೆಸರು ಬಳಸಬೇಕು. ಐದು ಉಂಗುರ ಬಿಡಿಸಿದ ಪೇಡೆ ಮಾರಲು ಶಿರಸಿಯ ಮಿಠಾಯಿ ಅಂಗಡಿಗೆ ಅನುಮತಿ ಬೇಕು. ಯಾರು ಕೇಳುತ್ತಾರೆ, ಅಲ್ವಾ?

ನಮ್ಮ ಕರಾವಳಿಗೆ ಇನ್ನೊಂದು ತೊಡಕು, ಹವೆ. ಚಾಕೊಲೇಟಿನ ಕೊಬ್ಬು ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ಕಾರವಾರದ ಬಸ್ ಸ್ಟ್ಯಾಂಡಿನಿಂದ ಮನೆಗೆ ತರುವಷ್ಟರಲ್ಲಿ ಅದು ಪಾಯಸ. ಮಳೆಗಾಲದಲ್ಲಿ ಕಾಗದಕ್ಕೂ ಬೂಸ್ಟು.

ಹಾಗಂತ ನೆನಪಿಗೆ ಸಿಹಿ ತರುವುದು ನಮಗೆ ಗೊತ್ತಿರದ ವಿಷಯವಲ್ಲ. ಜಾತ್ರೆಯ ಬೆಂಡು-ಬತ್ತಾಸು ನೋಡಿ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿಂದ ಬತ್ತಾಸು ತಂದು ಅಕ್ಕಪಕ್ಕದವರಿಗೆ ಹಂಚಿದರೇ ಜಾತ್ರೆಗೆ ಹೋಗಿ ಬಂದ ಲೆಕ್ಕ. ಅದಕ್ಕೆ ಲೋಗೋನೂ ಇಲ್ಲ, ಪ್ರಾಯೋಜಕರೂ ಇಲ್ಲ. ಆದರೆ ಊರ ಕಬಡ್ಡಿ, ವಾಲಿಬಾಲ್ ಪಂದ್ಯಗಳಿಗೆ ಅಂಥದ್ದೇನೂ ಹುಟ್ಟಲಿಲ್ಲ. ಚುರುಮುರಿ ತಿಂದು ಪೊಟ್ಟಣ ಅಲ್ಲೇ ಎಸೆದು ಬರುತ್ತೇವೆ. ನನ್ನನ್ನು ಕೇಳಿದರೆ ಅದಕ್ಕೆ ನಮ್ಮ ಕಡೆಯ ತೆಳು ಹಾಳೆಯಂಥ ಸಿಹಿ, ತೊಡದೇವು ಸರಿ. ಕಬ್ಬಿನ ಹಾಲು, ಅಕ್ಕಿ ಹಿಟ್ಟು, ಬೋರಲು ಹಾಕಿದ ಬಿಸಿ ಮಡಕೆ. ಕರಗುವ ಚಿಂತೆಯಿಲ್ಲ. ಪುಡಿಯಾಗುತ್ತದೆ, ನಿಜ. ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಗೆದ್ದ ತಂಡದ ಹೆಸರು ಬರೆಯಿರಿ. ಯಾರ ಅನುಮತಿಯೂ ಬೇಡ.

1999ರ ಜೂನ್ 12ರಂದು ಭಾರತ ನ್ಯೂಜಿಲೆಂಡ್ ಎದುರು ಸೋತು ಹೊರಬಿತ್ತು. ನಮ್ಮ ದ್ರಾವಿಡ್ ಆ ಕೂಟದಲ್ಲಿ ಎಲ್ಲರಿಗಿಂತ ಜಾಸ್ತಿ, 461 ರನ್ ಹೊಡೆದಿದ್ದರು. ನನ್ನ ಕಟ್ಟಿನಲ್ಲಿ 92. ಅಷ್ಟರಲ್ಲಿ ಮಳೆ ಹಿಡಿದಿತ್ತು. ಅಮ್ಮ ಸುಮ್ನೆ ಅದನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದರು.