ಪದವೀಧರ ಕ್ಷೇತ್ರ: ವೋಟಿಗೆ ಡಿಗ್ರಿ ಬೇಕು, ಸ್ಪರ್ಧೆಗೆ ಬೇಡ
ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರಕ್ಕೆ ಚುನಾವಣೆ ಬಂದಾಗಲೆಲ್ಲ ಧಾರವಾಡ, ಗದಗ, ಹಾವೇರಿ ಕಡೆ ಕೇಳಿಬರುವ ಪ್ರಶ್ನೆ ಒಂದೇ: ‘ಹೋದ ಸಲ ವೋಟ್ ಹಾಕೇನ್ರೀ, ಈ ಸಲ ಹೆಸರ ಯಾಕಿಲ್ಲ?’ ಉತ್ತರ ಕನ್ನಡವೂ ಸೇರಿರುವ ಈ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ಹಳೆಯ ಪಟ್ಟಿ ಲೆಕ್ಕಕ್ಕಿಲ್ಲ.

ಮುಂಬೈ ಪ್ರಾಂತ್ಯದ ಕಾಲದಲ್ಲಿ ಇಲ್ಲಿ ವೋಟಿದ್ದದ್ದು ಹೆಚ್ಚಾಗಿ ಕಂದಾಯ, ತೆರಿಗೆ ಕಟ್ಟುವಂಥ ಕೆಲವರಿಗೆ. ವಿಶ್ವವಿದ್ಯಾಲಯಕ್ಕೆ ಮಾತ್ರ ಶಾಸನಸಭೆಯಲ್ಲಿ ಬೇರೆಯೇ ಒಂದು ಸ್ಥಾನವಿತ್ತು. ಸಂವಿಧಾನ ವಯಸ್ಕರೆಲ್ಲರಿಗೂ ಮತ ಕೊಟ್ಟಿತು, 1989ರಲ್ಲಿ ವಯಸ್ಸು 21ರಿಂದ 18ಕ್ಕೆ ಇಳಿಯಿತು. ವಿಧಾನ ಪರಿಷತ್ತಿನಲ್ಲಿ ಮಾತ್ರ ಓದಿದವರ ಪಾಲು ಉಳಿಯಿತು. 171ನೇ ವಿಧಿಯ ಪ್ರಕಾರ ಸುಮಾರು ಹನ್ನೆರಡರಲ್ಲಿ ಒಂದು ಭಾಗ ಸದಸ್ಯರನ್ನು ಪದವೀಧರರು ಆರಿಸುತ್ತಾರೆ. ಕರ್ನಾಟಕದ 75 ಸ್ಥಾನಗಳಲ್ಲಿ 7. ನೂರಕ್ಕೆ 18 ಜನರಷ್ಟೇ ಅಕ್ಷರಸ್ಥರಿದ್ದ 1951ರ ದೇಶಕ್ಕೆ ಅದು ಹೊಂದುತ್ತಿತ್ತೇನೋ.

ತೊಡಕೆಲ್ಲ ನೋಂದಣಿಯಲ್ಲಿದೆ. ಅರ್ಹತಾ ದಿನಾಂಕ ನವೆಂಬರ್ 1. ಅದಕ್ಕೆ ಕನಿಷ್ಠ 3 ವರ್ಷ ಮೊದಲೇ ಪದವಿ ಮುಗಿದಿರಬೇಕು, ಕ್ಷೇತ್ರದೊಳಗೇ ವಾಸವಿರಬೇಕು. ನಮೂನೆ 18 ತುಂಬಿ, ಪದವಿ ಪ್ರಮಾಣಪತ್ರ ಇಲ್ಲವೇ ಮಾರ್ಕ್ಸ್ ಕಾರ್ಡ್ ಲಗತ್ತಿಸಬೇಕು. ಹೆಣ್ಣುಮಕ್ಕಳಿಗೆ ಇನ್ನೊಂದು ಸುತ್ತು. ಡಿಗ್ರಿಯಲ್ಲಿ ತಂದೆಯ ಹೆಸರು, ತವರಿನ ಅಡ್ಡಹೆಸರು. ವೋಟರ್ ಐಡಿಯಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ಇಬ್ಬರೂ ಒಬ್ಬಳೇ ಎಂದು ಕಾಗದದ ಮೇಲೆ ತೋರಿಸುವ ಕೆಲಸ ಅವಳದೇ. ಇಷ್ಟೆಲ್ಲ ಮಾಡಿ ಸೇರಿಸಿದ ಹೆಸರು ಮುಂದಿನ ಚುನಾವಣೆಗೆ ಉಳಿಯುವುದಿಲ್ಲ. ಹೀಗಾಗಿ ಫಾರ್ಮ್ ಹಿಡಿದು ಮನೆ ಮನೆಗೆ ಬರುವವರು ಅಭ್ಯರ್ಥಿಗಳ ಕಡೆಯ ಹುಡುಗರು. ಅವರು ತಲುಪದ ಹಳ್ಳಿಯ ಪದವೀಧರ ಹೊರಗೇ ಉಳಿಯುತ್ತಾನೆ.

ಚುನಾವಣೆಗೆ ನಿಲ್ಲುವವರಿಗೆ ಡಿಗ್ರಿಯ ಷರತ್ತಿಲ್ಲ. 30 ವರ್ಷ ತುಂಬಿ, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಆಯಿತು. ಮದ್ರಾಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಇದನ್ನು ಇತ್ಯರ್ಥ ಮಾಡಿದೆ: ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಿರಬೇಕಿಲ್ಲ. ಆಯ್ಕೆಯ ಸ್ವಾತಂತ್ರ್ಯ ಮತದಾರರಿಗೆ ಇರಲಿ ಎಂಬ ವಾದ ಒಪ್ಪುವಂಥದ್ದೇ. ಆದರೆ ಅಭ್ಯರ್ಥಿಗೆ ತೆರೆದಿಟ್ಟ ಬಾಗಿಲನ್ನು ಮತದಾರರಿಗೆ ಇಷ್ಟು ಕಿರಿದು ಮಾಡಬೇಕಿತ್ತೇ? ಡಿಗ್ರಿ ಒಮ್ಮೆ ಬಂದರೆ ಹೋಗುವುದಿಲ್ಲ. ಯಾರಿಗೆ ಯಾವ ವರ್ಷ ಪದವಿ ಕೊಟ್ಟಿದ್ದೇವೆಂಬ ದಾಖಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇರುತ್ತದೆ. ವಾಸಸ್ಥಳ ಬದಲಾದವರನ್ನು, ತೀರಿಕೊಂಡವರನ್ನು ತೆಗೆದು ಉಳಿದವರನ್ನು ಮುಂದುವರಿಸಿದರೆ ಸಾಲದೇ?

ಸದ್ಯಕ್ಕಂತೂ ಅರ್ಜಿ ಕೊಟ್ಟವರು ಕರಡು ಪಟ್ಟಿ ಬಂದ ಕೂಡಲೇ ಹೆಸರು ನೋಡಿಕೊಳ್ಳಬೇಕು. ಬಿಟ್ಟುಹೋಗಿದ್ದರೆ ಹಕ್ಕು, ಆಕ್ಷೇಪಣೆಯ ಅವಧಿಯಲ್ಲೇ ಸರಿಪಡಿಸಿಕೊಳ್ಳಬೇಕು. ಮತಗಟ್ಟೆಯಲ್ಲಿ ಡಿಗ್ರಿ ತೋರಿಸಿದರೆ ವೋಟು ಸಿಗುವುದಿಲ್ಲ.