ಥೆರಪಿ ಕುದುರೆಯ ಆರೈಕೆ: ತಡವಾಗಿ ಶುರುವಾದ ಲೆಕ್ಕ, ಕರಾವಳಿಯ ತೊಡಕು

ನಡೆಯಲು, ನೆಟ್ಟಗೆ ಕೂರಲು ಕಷ್ಟಪಡುವ ಮಕ್ಕಳನ್ನು ಚಿಕಿತ್ಸೆಗೆಂದು ಕೂರಿಸಿ ನಡೆಸುವ ಕುದುರೆಯೇ ಥೆರಪಿ ಕುದುರೆ. ಡೆನ್ಮಾರ್ಕಿನ ಕುದುರೆ ಸವಾರೆ ಲಿಸ್ ಹಾರ್ಟೆಲ್ ಅವರಿಗೆ 1944ರಲ್ಲಿ ಪೋಲಿಯೊ ತಗುಲಿ ಮೊಣಕಾಲಿನ ಕೆಳಗೆ ಶಕ್ತಿ ಹೋಯಿತು. ಕುದುರೆ ಹತ್ತಿಸಲು, ಇಳಿಸಲು ಜನ ಬೇಕಿತ್ತು. ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಕುದುರೆಯನ್ನು ಶಿಸ್ತಿನ ನಡಿಗೆಗಳಲ್ಲಿ ನಡೆಸುವ ಸ್ಪರ್ಧೆ) ಬೆಳ್ಳಿ ಗೆದ್ದ ಮೇಲೆ ಯುರೋಪಿನಲ್ಲಿ ಚಿಕಿತ್ಸೆಯಾಗಿ ಸವಾರಿಗೆ ಬಲ ಬಂತು. 1969ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಇದಕ್ಕೆಂದೇ ಸಂಘಟನೆಗಳು ಹುಟ್ಟಿದವು. ಕುದುರೆ ನಡೆಯುವಾಗ ಸವಾರನ ಸೊಂಟ, ನಾವು ನಡೆದಾಗ ಅಲುಗುವಂತೆಯೇ ಅಲುಗುತ್ತದೆ. ಮಗುವಿಗೆ ಆಗುವ ಲಾಭದ ಗುಟ್ಟು ಅದು. ಕುದುರೆಗೆ ಏನಾಗುತ್ತದೆ ಎಂದು ಅಳೆಯುವ ಕೆಲಸ ಮಾತ್ರ ಬಹಳ ಹಿಂದೆ ಉಳಿಯಿತು.

ಭಾರದ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ ಅಮೆರಿಕದ ಒಹಾಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾಯಿತು. ದೇಹತೂಕದ ಶೇ 25–30 ಹೊತ್ತ ಕುದುರೆಗಳ ಎದೆಬಡಿತ ಏರಿ, ಬೆನ್ನಿನ ಸ್ನಾಯು ನೋಯತೊಡಗಿತು. ಹಾಗಾಗಿ ಜೀನೂ ಸೇರಿ ಶೇ 20 ಮಿತಿ. ತೂಕದ ಯಂತ್ರ ಬೇಕಿಲ್ಲ: ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೊ ಸಿಗುತ್ತದೆ. ಅಳತೆ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆ 150, ಉದ್ದ 140 ಇದ್ದರೆ ಕುದುರೆ ಸುಮಾರು 265 ಕಿಲೊ, ಹೊರಬಹುದಾದದ್ದು 53. ಜೀನು 7 ಕಿಲೊ ಇದ್ದರೆ ಸವಾರನಿಗೆ ಉಳಿಯುವುದು 46. ಕುಳಿತಲ್ಲಿ ಒಂದೇ ಕಡೆ ವಾಲುವ ಮಗುವಾದರೆ ಇನ್ನೂ ಕಡಿಮೆ ಇಡಬೇಕು, ಭಾರವೆಲ್ಲ ಬೆನ್ನಿನ ಒಂದೇ ಮಗ್ಗುಲಿಗೆ ಬೀಳುತ್ತದೆ. ಕುದುರೆಯ ಮುಖ ನೋಡಿ ನೋವು ಗುರುತಿಸುವ ಮಾಪನ 2014ರಲ್ಲಿ ಬಂತು: ಹಿಂದಕ್ಕೆ ಬಿಗಿದ ಕಿವಿ, ಕಣ್ಣಿನ ಮೇಲಿನ ಬಿಗಿತ, ಗಟ್ಟಿಯಾದ ದವಡೆ. ಥೆರಪಿ ಕುದುರೆ ಸುಮ್ಮನೆ ನಿಂತಿದೆ ಎಂದ ಮಾತ್ರಕ್ಕೆ ಅದಕ್ಕೆ ಹಿತವಾಗಿದೆ ಎಂದು ತಿಳಿಯಬಾರದು. ಸಹಿಸುವುದನ್ನೇ ಅದಕ್ಕೆ ಕಲಿಸಿರುತ್ತೇವೆ.

ಈ ನಿಯಮಗಳೆಲ್ಲ ತಂಪು ನಾಡಿನವು. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿದರೂ ಘಟ್ಟ ಹತ್ತಿ ಹೋದವು, ಕರಾವಳಿಯಲ್ಲಿ ಉಳಿಯಲಿಲ್ಲ. ಮಂಗಳೂರು–ಉಡುಪಿಯಲ್ಲಿ ನಮಗೆ ಗೊತ್ತಿರುವುದು ದನದ ಹಟ್ಟಿ. ಕುದುರೆ ತಂದವರು ಹಟ್ಟಿಯ ಮೇವನ್ನೇ ಹಾಕುತ್ತಾರೆ, ತೊಂದರೆ ಅಲ್ಲೇ ಶುರು. ದನಕ್ಕೆ ಹಾಕುವ ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ದನದ ಹೊಟ್ಟೆ ಅದನ್ನು ಒಡೆಯುತ್ತದೆ, ಕುದುರೆಯದ್ದು ಅಷ್ಟು ಒಡೆಯಲಾರದು. ಮೇಲಿಂದ ಗೋಧಿ ಬೂಸಾ ಕೊಟ್ಟರೆ ರಂಜಕ ಹೆಚ್ಚಿ ಕ್ಯಾಲ್ಸಿಯಂ ಕೊರತೆ ಬಿಗಡಾಯಿಸುತ್ತದೆ: ತಿಂಗಳುಗಳಲ್ಲಿ ಮುಖದ ಮೂಳೆ ಊದುತ್ತದೆ, ನಡಿಗೆ ಕುಂಟುತ್ತದೆ. ನೇಪಿಯರ್ ಜೊತೆ ಬೇರೆ ಒಣಹುಲ್ಲು ಬೆರೆಸಿ, ಬೂಸಾ ತಗ್ಗಿಸಿ, ಪಶುವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಕೊಡಬೇಕು. ವೀಳ್ಯಕ್ಕೆ ಹಚ್ಚುವ ಸುಣ್ಣ ಕೂಡದು, ಬಾಯಿ ಸುಡುತ್ತದೆ. ಬೂಷ್ಟು ಹಿಡಿದ ಬೈಹುಲ್ಲಂತೂ ಕೆಮ್ಮು, ಹೊಟ್ಟೆಶೂಲೆ ಎರಡಕ್ಕೂ ದಾರಿ.

ಸೆಕೆಗೂ ಒಂದು ಲೆಕ್ಕವಿದೆ. ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ತೇವಾಂಶದ ಶೇಕಡಾ ಕೂಡಿಸಿ. 150 ದಾಟಿದರೆ ಎಚ್ಚರ, 180 ದಾಟಿದರೆ ಬೆವರು ಒಣಗದೆ ಮೈ ತಣಿಯುವುದೇ ಇಲ್ಲ. ಮೇ ತಿಂಗಳ ಮಧ್ಯಾಹ್ನ 91 ಡಿಗ್ರಿ, ತೇವ 68 ಇದ್ದರೆ 159. ಮುಂಜಾನೆ 81 ಡಿಗ್ರಿ, ತೇವ 86 ಇದ್ದರೆ 167! ಬೇಗ ಎದ್ದು ಸವಾರಿ ಮುಗಿಸಿದರೆ ಬಿಸಿಲು ತಪ್ಪುತ್ತದೆ, ಸೆಕೆ ತಪ್ಪುವುದಿಲ್ಲ. ಹಾಗಾಗಿ ಲಾಯಕ್ಕೆ ಫ್ಯಾನ್ ಬೇಕು. ಸವಾರಿ ಮುಗಿದ ಕೂಡಲೇ ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಬೇಕು, ಉಪ್ಪೂ ನೀರೂ ಕುದುರೆಯ ಬಾಯಿಗೆಟುಕುವಂತಿರಬೇಕು. ಸೆಕೆಯಲ್ಲೂ ಮೈ ಒಣಗಿದ್ದು, ಏದುಸಿರು ಬಿಡುತ್ತಿದ್ದರೆ ಬೆವರುವುದೇ ನಿಂತಿರಬಹುದು. ಆ ದಿನ ಸವಾರಿ ಬೇಡ, ವೈದ್ಯರನ್ನು ಕರೆಯಿರಿ.

ಜೂನ್ ಬಂದರೆ ಗೊರಸಿನ ಸರದಿ. ದಿನಾ ಗೊರಸಿನ ಅಡಿಯ ಕೆಸರು ಕೆರೆದು ತೆಗೆಯಬೇಕು. ನಡುವಿನ ಮೆತ್ತನೆ ತ್ರಿಕೋನದ ಸೀಳಿನಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ ಕಂಡರೆ ಅದು ಹುಳುಕು, ಅಂದರೆ ಗೊರಸು ಕೊಳೆಯುವ ರೋಗ. ನೆಲ ಒಣಗಿಸದೆ ಔಷಧಿ ಹಚ್ಚಿದರೆ ಪ್ರಯೋಜನವಿಲ್ಲ, ಆದ್ದರಿಂದ ಲಾಯದ ಒಂದು ಮಗ್ಗುಲನ್ನಾದರೂ ಎತ್ತರಿಸಿ ಮರದ ಹೊಟ್ಟು ಹಾಸಿಡಬೇಕು.