ಕವಚದೊಳಗಿನ ನಡಿಗೆ

ರೋಬೋಟ್ ಎಂಬ ಪದವನ್ನು ಜಗತ್ತು ಮೊದಲು ಕೇಳಿದ್ದು ನಾಟಕವೊಂದರಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ ಅವರ ‘ಆರ್.ಯು.ಆರ್.’ 1920ರಲ್ಲಿ ಅಚ್ಚಾಗಿ 1921ರಲ್ಲಿ ಪ್ರಾಗ್ ನಗರದಲ್ಲಿ ರಂಗಕ್ಕೆ ಬಂದಾಗ, ಕಾರ್ಖಾನೆಯಲ್ಲಿ ತಯಾರಾದ ಕೃತಕ ಕಾರ್ಮಿಕರ ಪಾತ್ರಗಳನ್ನು ವಹಿಸಿದವರು ರಕ್ತಮಾಂಸದ ನಟನಟಿಯರು. ‘ಯುನಿಮೇಟ್’ ಎಂಬ ಕೈಗಾರಿಕಾ ರೋಬೋಟ್ ಅಮೆರಿಕದ ಕಾರು ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತದ್ದು 1961ರಲ್ಲಿ. ಈ ನಡುವಿನ ನಾಲ್ಕು ದಶಕಗಳಲ್ಲಿ ಯಂತ್ರಮಾನವ ಹೇಗೆ ನಡೆಯುತ್ತಾನೆ, ಹೇಗೆ ತಿರುಗಿ ನೋಡುತ್ತಾನೆ ಎಂಬ ಕಲ್ಪನೆಯನ್ನು ಜನರ ಮನಸ್ಸಿನಲ್ಲಿ ಕಟ್ಟಿದವರಲ್ಲಿ ನಟರ ಪಾಲು ದೊಡ್ಡದು. ಅನುಕರಿಸಲು ಅಂಥದೊಂದು ಯಂತ್ರ ಅವರ ಕಣ್ಣೆದುರಿಗೆ ಇರಲಿಲ್ಲ. ತಮ್ಮದೇ ಚಲನೆಯಿಂದ ಒಂದೊಂದು ಅಂಶವನ್ನು ಕಳೆಯುತ್ತ ಹೋಗುವ ದಾರಿಯನ್ನು ಅವರು ಹಿಡಿದರು. ಏನನ್ನು ಕಳೆದರೆ ಮನುಷ್ಯ ಯಂತ್ರದಂತೆ ಕಾಣುತ್ತಾನೆ ಎಂಬ ಅವರ ಹುಡುಕಾಟ, ಮುಂದೆ ನರವಿಜ್ಞಾನಿಗಳ ಹುಡುಕಾಟವೂ ಆಯಿತು.

ಮೇಜಿನ ಮೇಲಿರುವ ಕಾಫಿ ಲೋಟಕ್ಕೆ ಕೈ ಚಾಚುವ ಕ್ರಿಯೆಯನ್ನೇ ಗಮನಿಸೋಣ. ಕೈ ನಿಧಾನವಾಗಿ ಹೊರಡುತ್ತದೆ, ನಡುದಾರಿಯಲ್ಲಿ ಅತಿ ಹೆಚ್ಚು ವೇಗ ಪಡೆಯುತ್ತದೆ, ಲೋಟ ಸಮೀಪಿಸಿದಂತೆ ಮತ್ತೆ ನಿಧಾನವಾಗುತ್ತದೆ. ಈ ವೇಗವನ್ನು ನಕ್ಷೆಯಲ್ಲಿ ಗುರುತಿಸಿದರೆ ಗಂಟೆಯ ಆಕಾರದ ರೇಖೆ ಮೂಡುತ್ತದೆ. ನಮ್ಮ ನರಮಂಡಲ ಚಲನೆಯನ್ನು ಸಾಧ್ಯವಾದಷ್ಟು ನಯವಾಗಿ, ಕುಲುಕಿಲ್ಲದಂತೆ ಯೋಜಿಸುತ್ತದೆ ಎಂದು ಭಾವಿಸಿದರೆ ಇದೇ ರೇಖೆ ದೊರೆಯುತ್ತದೆ ಎಂಬುದನ್ನು ತಮಾರ್ ಫ್ಲಾಶ್ ಮತ್ತು ನೆವಿಲ್ ಹೋಗನ್ 1985ರಲ್ಲಿ ಗಣಿತದ ಮೂಲಕ ತೋರಿಸಿದರು. ಇದಲ್ಲದೆ, ಪಕ್ಕದಲ್ಲಿ ಏನೋ ಕಂಡು ನಾವು ಅತ್ತ ತಿರುಗುವಾಗ ಸಾಮಾನ್ಯವಾಗಿ ಮೊದಲು ಹೊರಳುವುದು ಹಗುರವಾದ ಕಣ್ಣು, ಆಮೇಲೆ ಭಾರವಾದ ತಲೆ. ತೋಳನ್ನು ಎತ್ತುವ ಮೊದಲೇ, ದೇಹ ಮುಗ್ಗರಿಸದಂತೆ ಕಾಲು ಮತ್ತು ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ. ಇವುಗಳಲ್ಲಿ ಯಾವುದನ್ನೂ ನಾವು ಬೇಕೆಂದು ಮಾಡುವುದಿಲ್ಲ. ಆದ್ದರಿಂದಲೇ ಇವುಗಳನ್ನು ಬೇಕೆಂದು ನಿಲ್ಲಿಸುವುದು ಅಷ್ಟು ಕಷ್ಟ.

ನೋಡುವವರ ಮಿದುಳು ಇಂಥ ಸೂಕ್ಷ್ಮಗಳಿಗೆ ಎಷ್ಟು ಸ್ಪಂದಿಸುತ್ತದೆ ಎಂಬುದಕ್ಕೆ, ಜೇಮ್ಸ್ ಕಿಲ್ನರ್, ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಅವರ ಸಹೋದ್ಯೋಗಿ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಒಳ್ಳೆಯ ನಿದರ್ಶನ. ತಮ್ಮ ತೋಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದವರ ಎದುರು ಇನ್ನೊಬ್ಬ ವ್ಯಕ್ತಿ ತೋಳನ್ನು ಎಡಕ್ಕೂ ಬಲಕ್ಕೂ ಬೀಸಿದಾಗ, ಮೊದಲಿನವರ ತೋಳಿನ ಹಾದಿ ತಪ್ಪತೊಡಗಿತು. ಅದೇ ಬೀಸನ್ನು ರೋಬೋಟಿನ ತೋಳು ಒಂದೇ ಸಮನಾದ ವೇಗದಲ್ಲಿ ಮಾಡಿದಾಗ ಅಂಥ ಏರುಪೇರು ಕಾಣಲಿಲ್ಲ. ಎದುರಿರುವುದು ನಮ್ಮಂಥದೇ ದೇಹ ಎನಿಸಿದಾಗ ನಮ್ಮ ದೇಹವೂ ಅದರೊಂದಿಗೆ ಮಿಡಿಯಲು ಹೊರಡುತ್ತದೆ. ರೋಬೋಟ್ ಪಾತ್ರ ವಹಿಸುವ ನಟ ಕತ್ತರಿಸಬೇಕಾದದ್ದು ಈ ಎಳೆಯನ್ನು, ಅದೂ ಪೂರ್ತಿಯಾಗಿ ಅಲ್ಲ. ಪೂರ್ತಿ ಕತ್ತರಿಸಿದರೆ ಪ್ರೇಕ್ಷಕನಿಗೆ ಆ ಪಾತ್ರದ ಮೇಲೆ ಯಾವ ಅಕ್ಕರೆಯೂ ಉಳಿಯದು.

1987ರ ‘ರೋಬೋಕಾಪ್’ ಚಿತ್ರದ ಯಂತ್ರಪೊಲೀಸನ ಪಾತ್ರಕ್ಕಾಗಿ ನಟ ಪೀಟರ್ ವೆಲ್ಲರ್ ಅವರು, ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಮೂಕಾಭಿನಯ ಮತ್ತು ಚಲನೆಯನ್ನು ಕಲಿಸುತ್ತಿದ್ದ ಮೋನಿ ಯಾಕಿಮ್ ಅವರ ಬಳಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಆಗ ರೂಪಿಸಿಕೊಂಡಿದ್ದ ಚಲನೆ ಹಗುರವಾಗಿ, ಹರಿಯುವಂತಿತ್ತು. ರಾಬ್ ಬಾಟಿನ್ ನಿರ್ಮಿಸಿದ ಕವಚ ತಡವಾಗಿ ಚಿತ್ರೀಕರಣದ ಸ್ಥಳಕ್ಕೆ ಬಂದಾಗ, ಅದರ ಗಾತ್ರ ಮತ್ತು ಬಿಗಿತದಿಂದಾಗಿ ಅಭ್ಯಾಸ ಮಾಡಿದ್ದ ಯಾವ ಹೆಜ್ಜೆಯೂ ಕೂಡಿಬರಲಿಲ್ಲ. ಯಾಕಿಮ್ ಸೂಚಿಸಿದ ಪರಿಹಾರ ಸರಳವಾಗಿತ್ತು: ಕವಚದೊಂದಿಗೆ ಸೆಣಸದೆ, ಎಲ್ಲವನ್ನೂ ನಿಧಾನಗೊಳಿಸುವುದು. ಆ ನಿಧಾನದಿಂದಲೇ ಪಾತ್ರಕ್ಕೆ ತೂಕ ಬಂತು. ತಲೆ ಮತ್ತು ಮುಂಡ ಒಟ್ಟಿಗೆ ತಿರುಗದೆ, ಒಂದು ತಿರುಗಿದ ಮೇಲೆ ಇನ್ನೊಂದು ತಿರುಗುವುದು ಆ ಪಾತ್ರದ ಗುರುತಾಯಿತು. ಮನುಷ್ಯನಲ್ಲಿ ಕಣ್ಣು, ಕತ್ತು, ಭುಜ, ಸೊಂಟಗಳು ಒಂದರ ಮೇಲೊಂದು ಹಾಯುವ ಅಲೆಯಂತೆ ಹೊರಳುತ್ತವೆ. ವೆಲ್ಲರ್ ಆ ಅಲೆಯನ್ನು ತುಂಡುತುಂಡಾಗಿ ಬಿಡಿಸಿಟ್ಟರು. ಡಲ್ಲಾಸ್‌ನ ಬೇಸಿಗೆಯಲ್ಲಿ, ಬೆವರಿನಿಂದಲೇ ದೇಹದ ತೂಕ ಇಳಿಯುತ್ತಿದ್ದ ದಿನಗಳಲ್ಲಿ ಅವರು ಇದನ್ನು ಸಾಧಿಸಿದರು ಎಂಬುದನ್ನು ನೆನೆದರೆ ನನಗೆ ಆ ಪಾತ್ರದ ಮೇಲಿನ ಗೌರವ ಹೆಚ್ಚುತ್ತದೆ.

ಕವಚವಿಲ್ಲದೆಯೂ ಇದನ್ನು ಮಾಡಿದವರಿದ್ದಾರೆ. 1991ರ ‘ಟರ್ಮಿನೇಟರ್ 2’ ಚಿತ್ರದಲ್ಲಿ ರಾಬರ್ಟ್ ಪ್ಯಾಟ್ರಿಕ್, ವೇಗವಾಗಿ ಓಡುವಾಗಲೂ ಬಾಯಿ ತೆರೆಯದೆ ಮೂಗಿನಿಂದಲೇ ಉಸಿರಾಡುವುದನ್ನು, ಗುಂಡು ಹಾರಿಸುವಾಗ ಕಣ್ಣು ಮಿಟುಕಿಸದಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ದೊಡ್ಡ ಸದ್ದಿಗೆ ರೆಪ್ಪೆ ಮುಚ್ಚುವುದು ಅನೈಚ್ಛಿಕ ಕ್ರಿಯೆಯಾದ್ದರಿಂದ ಇದು ಸಣ್ಣ ಸಾಧನೆಯಲ್ಲ. 2014ರ ‘ಎಕ್ಸ್ ಮೆಷಿನಾ’ ಚಿತ್ರದಲ್ಲಿ ಅಲಿಸಿಯಾ ವಿಕಾಂಡರ್ ಹಿಡಿದದ್ದು ಬೇರೆಯೇ ದಾರಿ. ಬಾಲ್ಯದಿಂದ ಬ್ಯಾಲೆ ಕಲಿತಿದ್ದ ಅವರು ಚಲನೆಯನ್ನು ಒರಟಾಗಿಸದೆ, ಮನುಷ್ಯರಲ್ಲಿ ಕಾಣಸಿಗದಷ್ಟು ದೋಷರಹಿತವಾಗಿಸಿದರು. ಮನುಷ್ಯನ ಯಾವ ಎರಡು ಹೆಜ್ಜೆಗಳೂ ತದ್ರೂಪವಾಗಿರುವುದಿಲ್ಲ. ಆ ಚಿಕ್ಕ ತಪ್ಪುಗಳನ್ನು ಅಳಿಸಿಬಿಟ್ಟರೆ ಸೌಂದರ್ಯದೊಂದಿಗೆ ಒಂದು ಬಗೆಯ ಅಳುಕೂ ಹುಟ್ಟುತ್ತದೆ. ಮನುಷ್ಯನನ್ನು ಬಹುಮಟ್ಟಿಗೆ ಹೋಲಿಯೂ ಪೂರ್ತಿ ಹೋಲದ ವಸ್ತುಗಳು ಹುಟ್ಟಿಸುವ ಈ ಅಳುಕನ್ನು ಜಪಾನಿನ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲೇ ಕಣಿವೆಯೊಂದಕ್ಕೆ ಹೋಲಿಸಿ, ಚಲನೆ ಸೇರಿದಾಗ ಅದು ಇನ್ನಷ್ಟು ಆಳವಾಗುತ್ತದೆ ಎಂದು ಬರೆದಿದ್ದರು. ಕನ್ನಡದ ಪ್ರೇಕ್ಷಕರಿಗೆ 2002ರ ‘ಹಾಲಿವುಡ್’ ಚಿತ್ರದಲ್ಲಿ ಮನುಷ್ಯನಾಗಿಯೂ ಯಂತ್ರಮಾನವನಾಗಿಯೂ ಕಾಣಿಸಿಕೊಂಡ ಉಪೇಂದ್ರ ನೆನಪಾಗಬಹುದು. ಅಲ್ಲಿ ಮುಖ ಒಂದೇ ಆದ್ದರಿಂದ, ಎರಡರ ನಡುವಿನ ವ್ಯತ್ಯಾಸದ ಹೊರೆಯನ್ನು ಬಹುಪಾಲು ಮೈಯೇ ಹೊರಬೇಕಾಗುತ್ತದೆ.

1977ರ ‘ಸ್ಟಾರ್ ವಾರ್ಸ್’ನ ಚಿನ್ನದ ಬಣ್ಣದ ರೋಬೋಟ್ ಸಿ-3ಪಿಒ ಈ ಕಳೆಯುವಿಕೆಯ ಇನ್ನೊಂದು ತುದಿ. ಮೂಕಾಭಿನಯದ ಹಿನ್ನೆಲೆಯ ಆಂಗ್ಲ ನಟ ಆಂಥೊನಿ ಡೇನಿಯಲ್ಸ್ ಈ ಪಾತ್ರದ ಬಗ್ಗೆ ಮೊದಲು ಆಸಕ್ತಿ ತೋರಿರಲಿಲ್ಲ. ರಾಲ್ಫ್ ಮೆಕ್ವಾರಿ ಬಿಡಿಸಿದ್ದ ಚಿತ್ರದಲ್ಲಿನ ಆ ಒಂಟಿ ಆಕೃತಿಯನ್ನು ಕಂಡು ಮನಸ್ಸು ಬದಲಿಸಿದರು. 1976ರಲ್ಲಿ ಟ್ಯುನೀಶಿಯದ ಮರುಭೂಮಿಯಲ್ಲಿ ಮೊದಲ ದಿನವೇ ಕವಚದ ಕಾಲಿನ ಭಾಗ ಒಡೆದು ಅವರ ಪಾದಕ್ಕೆ ಚುಚ್ಚಿತು. ಕವಚ ತೊಟ್ಟ ಮೇಲೆ ಕುಳಿತುಕೊಳ್ಳಲಾಗದು; ಒರಗಿ ನಿಲ್ಲಲು ಹಲಗೆಯೊಂದೇ ಆಸರೆ. ಕಣ್ಣಿನ ತೂತುಗಳಿಂದ ನೇರ ಎದುರಿನದಷ್ಟೇ ಕಾಣುತ್ತಿತ್ತು. ಮುಖ ಅಲುಗದು, ರೆಪ್ಪೆಯಿಲ್ಲ, ತುಟಿಯಿಲ್ಲ. ಹಾಗಿದ್ದೂ ಆ ಪಾತ್ರದ ಸದಾಕಾಲದ ಆತಂಕ ನಮಗೆ ತಲುಪುವುದು, ತುಸು ಮುಂದಕ್ಕೆ ಬಾಗಿದ ಮೈಯಿಂದ, ಮೊಣಕೈ ಮಡಚಿ ದೇಹದಿಂದ ದೂರ ಹಿಡಿದ ತೋಳುಗಳಿಂದ, ಮಾತು ಮುಗಿಯುವ ಮೊದಲೇ ಹಿಂಜರಿಯುವ ಪುಟ್ಟ ಹೆಜ್ಜೆಗಳಿಂದ. ಬೇರೆ ನಟರ ಧ್ವನಿ ಕೊಡಿಸಬೇಕೆಂದಿದ್ದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಕೊನೆಗೆ ಡೇನಿಯಲ್ಸ್ ಅವರ ಧ್ವನಿಯನ್ನೇ ಉಳಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರ, ಏಕೆಂದರೆ ಆ ಧ್ವನಿಯ ಲಯವೂ ಆ ಹೆಜ್ಜೆಯ ಲಯವೂ ಒಂದೇ ದೇಹದಿಂದ ಬಂದವು.

ಮುಖವಿಲ್ಲದಿದ್ದರೂ ಚಲನೆಯೊಂದೇ ಜೀವವನ್ನು ಸಾರಬಲ್ಲದು ಎಂಬುದನ್ನು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದರು. ಕತ್ತಲಲ್ಲಿ ನಡೆಯುವ ವ್ಯಕ್ತಿಯ ಕೀಲುಗಳಲ್ಲಿ ಹೊಳೆಯುವ ಹತ್ತು ಹನ್ನೆರಡು ಬಿಂದುಗಳು ಮಾತ್ರ ಕಂಡರೂ, ಅವು ಚಲಿಸಿದೊಡನೆ ನೋಡುಗರಿಗೆ ನಡೆಯುವ ಮನುಷ್ಯ ಕಾಣುತ್ತಾನೆ. ನಿಂತರೆ, ಚದುರಿದ ಚುಕ್ಕೆಗಳಷ್ಟೇ.

ಆ ಪ್ರಯೋಗಗಳ ಪ್ರಕಟಣೆಗೆ ಒಂದು ವರ್ಷ ಮೊದಲು, ಡಗ್ಲಾಸ್ ಟ್ರಂಬಲ್ ನಿರ್ದೇಶನದ ‘ಸೈಲೆಂಟ್ ರನ್ನಿಂಗ್’ ಚಿತ್ರ ತೆರೆಕಂಡಿತ್ತು. ಬಾಹ್ಯಾಕಾಶದಲ್ಲಿ ತೇಲುವ ಕಾಡುಗಳನ್ನು ನೋಡಿಕೊಳ್ಳುವ ಅದರ ಕುಳ್ಳ ರೋಬೋಟ್‌ಗಳು ಮಾತಿಲ್ಲದ, ಮುಖವಿಲ್ಲದ ಪೆಟ್ಟಿಗೆಗಳು. ಚಿತ್ರದ ಕೊನೆಯಲ್ಲಿ ಒಂಟಿಯಾಗಿ ಉಳಿದ ರೋಬೋಟ್ ಹಳೆಯ ನೀರಿನ ಕ್ಯಾನ್ ಹಿಡಿದು ಗಿಡಗಳ ಆರೈಕೆಗೆ ನಿಲ್ಲುತ್ತದೆ. ಈ ರೋಬೋಟ್‌ಗಳು ಅತ್ತಿತ್ತ ವಾಲುತ್ತ ಹೆಜ್ಜೆಯಿಡುವ ರೀತಿಯಲ್ಲಿ ಒಂದು ತಡವರಿಕೆ, ಒಂದು ಮುತುವರ್ಜಿ ಇದೆ. ಮೋಟಾರು ಚಕ್ರಗಳಿಂದ ಅದು ಬರುವಂಥದಲ್ಲ. ಅವುಗಳ ಒಳಗಿದ್ದವರು ಎರಡೂ ಕಾಲುಗಳಿಲ್ಲದ ನಾಲ್ವರು ಕಲಾವಿದರು: ಮಾರ್ಕ್ ಪರ್ಸನ್ಸ್, ಶೆರಿಲ್ ಸ್ಪಾರ್ಕ್ಸ್, ಸ್ಟೀವನ್ ಬ್ರೌನ್ ಮತ್ತು ಲ್ಯಾರಿ ವಿಸೆನ್‌ಹಂಟ್. ನೆಲಕ್ಕೆ ಕೈಯೂರಿ ನಡೆಯುವುದು ಅವರಿಗೆ ಅಭ್ಯಾಸವಾಗಿತ್ತು. ಪ್ರೇಕ್ಷಕರು ಆ ರೋಬೋಟ್‌ಗಳ ಕಾಲುಗಳೆಂದು ತಿಳಿದು ನೋಡಿದ ಲೋಹದ ಕವಚದೊಳಗೆ ಇದ್ದದ್ದು ಅವರ ಕೈಗಳು.